ತಿಪ್ಪೆಯಿಂದ ಬಂದವಳು

ದವಡೆಹಲ್ಲಿನ ಸಂದಿಯಲ್ಲಿ ಮಾಂಸದ ಎಳೆಯೊಂದು ಸಿಕ್ಕಿಕೊಂಡಿದೆ, ನಾಲಿಗೆಯಿಂದ ಎಷ್ಟು ಒತ್ತಿದರೂ ಬರುತ್ತಿಲ್ಲ, ಬಲಿಯ ಮಾಂಸ, ಸರಿಯಾಗಿ ಬೆಂದಿರಲಿಲ್ಲ, ಒಂದೇ ಬೆಳಿಗ್ಗೆ ಊರಿಗೆ ಊರೇ ತಿನ್ನಬೇಕೆಂದರೆ ಪೂಜಾರಿಯಾದರೂ ಎಷ್ಟು ಬೇಯಿಸಿಯಾನು — ಪಮೂನಿಸ್ ಕಾಲುವೆಯ ಏರಿಯ ಮೇಲೆ ಮನೆಯ ಕಡೆ ನಡೆಯುತ್ತಿದ್ದಾನೆ, ನೆತ್ತಿಯ ಮೇಲೆ ಬಿಸಿಲು, ಕೈಯಲ್ಲಿ ಸುತ್ತಿದ ಚೀಟಿ, ಮಸಿ ಆರಿದೆಯೋ ಇಲ್ಲವೋ ಎಂದು ಬೆರಳ ತುದಿಯಲ್ಲಿ ಹಿಡಿದುಕೊಂಡಿದ್ದಾನೆ, ಹತ್ತು ಹೆಜ್ಜೆ ಹಿಂದೆ ಆ ಹುಡುಗಿ ಬರುತ್ತಿದ್ದಾಳೆ, ತಿರುಗಿ ನೋಡಬಾರದು, ನೋಡಿದರೆ ಏನಾದರೂ ಮಾತಾಡಬೇಕಾಗುತ್ತದೆ, ಅವಳ ಬರಿಗಾಲಿನ ಸದ್ದು ಮಾತ್ರ ಕೇಳುತ್ತಿದೆ, ತಾನು ನಿಂತರೆ ಅದೂ ನಿಲ್ಲುತ್ತದೆ. ಹನ್ನೆರಡು ವರ್ಷದವಳು, ಅವನದೇ ಮಗಳಂತೆ. ಬೆಳಿಗ್ಗೆ ಮನೆಯಿಂದ ಹೊರಟಾಗ ಅವನಿಗೆ ಮಗಳಿರಲಿಲ್ಲ, ಹೆಂಡತಿ ಇದ್ದಳು. ಈಗ ಹೆಂಡತಿ ದೇವಸ್ಥಾನದ ಪಕ್ಕದ ಕಣಜದಲ್ಲಿ ಕೂತಿದ್ದಾಳೆ, ಬಾಗಿಲಿಗೆ ಹೊರಗಿನಿಂದ ಅಗುಳಿ, ನಾಳೆ ಪಟ್ಟಣಕ್ಕೆ ಸಾಗಿಸುತ್ತಾರೆ, ಅಲ್ಲಿ ಏನು ಮಾಡುತ್ತಾರೋ ಯಾರೂ ಬಾಯಿಬಿಟ್ಟು ಹೇಳುತ್ತಿಲ್ಲ. ಅವಳು ಬಲಿಯ ಸರದಿಗೆ ಬಂದಳಲ್ಲ, ಅದೇ ಅವನಿಗೆ ಅರ್ಥವಾಗದ್ದು, ಬರುವುದಿಲ್ಲ ಎಂದು ಮನೆಯಲ್ಲೇ ಹೇಳಬಹುದಿತ್ತು, ಜಗಳವಾಡಬಹುದಿತ್ತು, ಅವನು ಒಂದೆರಡು ಮಾತು ಬೈದು ಏನಾದರೂ ದಾರಿ ಹುಡುಕುತ್ತಿದ್ದ — ಇಲ್ಲ, ತಮಿಸ್ತಾ ಎದ್ದಳು, ಎಣ್ಣೆ ಹಚ್ಚಿ ತಲೆ ಬಾಚಿಕೊಂಡಳು, ಚಪ್ಪಲಿಯ ಬಾರು ಕಟ್ಟಿದಳು, ಒಲೆಯ ಬೂದಿ ತೆಗೆದಳು, ಹೋಗೋಣ ನಡಿ ಎಂದಳು. ಅಷ್ಟೇ. ಅವನು ದಾರಿಯುದ್ದಕ್ಕೂ ಮೊಸಳೆದೇವರಿಗೆ ಮನಸ್ಸಿನಲ್ಲೇ ಕೈಮುಗಿದುಕೊಂಡು ಹೋದ, ಇವಳಿಗೆ ಬುದ್ಧಿ ಕೊಟ್ಟೆಯಲ್ಲ ತಂದೆ, ಈ ವರ್ಷ ನಿನಗೆ ಹೊದಿಸುವ ನಾರುಬಟ್ಟೆಗೆ ಎರಡು ಮೊಳ ಹೆಚ್ಚಿಗೆ ನೇಯ್ದು ಕೊಡುತ್ತೇನೆ ಎಂದು. ಬುದ್ಧಿ. ಅವಳಿಗೆ ಬುದ್ಧಿ ಎಂದೋ ಬಂದಿತ್ತು, ಬರಬೇಕಾಗಿದ್ದದ್ದು ಅವನಿಗೆ.

ಮಾಡಬೇಕಾಗಿದ್ದದ್ದಾದರೂ ಎಷ್ಟು, ಊರಿನ ಪ್ರತಿಯೊಬ್ಬರೂ ದೇವರಿಗೆ ಬಲಿ ಅರ್ಪಿಸಿ ಚೀಟಿ ಪಡೆಯಬೇಕೆಂದು ಚಕ್ರವರ್ತಿಯ ಆಜ್ಞೆ, ಅವನೇನು ಕತ್ತು ಕೇಳಿದನೇ, ಒಂದು ಚಿಟಿಕೆ ಧೂಪ ಕೆಂಡದ ಮೇಲೆ, ಒಂದು ಗುಟುಕು ವೈನು ನೆಲಕ್ಕೆ, ಒಂದು ಚೂರು ಮಾಂಸ ಬಾಯಿಗೆ, ಬರಹಗಾರ ಚೀಟಿ ಬರೆದು ಕೊಡುತ್ತಾನೆ, ಮನೆಗೆ ಬಂದು ಬೇಳೆ ಬೇಯಿಸಿಕೊಂಡು ಉಣ್ಣುವುದು. ನಮ್ಮ ಮೊಸಳೆದೇವರು ಗ್ರೀಕರ ದೇವರ ಪಕ್ಕ ಕೂತಿಲ್ಲವೇ, ಗ್ರೀಕರ ದೇವರು ರೋಮಿನವರ ದೇವರ ಜೊತೆ ಒಂದೇ ಅಂಗಳದಲ್ಲಿ ಹೊಂದಿಕೊಂಡಿಲ್ಲವೇ, ಒಬ್ಬರ ಪಾಲು ಇನ್ನೊಬ್ಬರು ಕಿತ್ತುಕೊಂಡಿದ್ದಾರೆಯೇ, ಈ ಕ್ರಿಸ್ತನೊಬ್ಬನಿಗೆ ಮಾತ್ರ ಯಾರ ಪಕ್ಕದಲ್ಲೂ ಕೂರಲಾಗುವುದಿಲ್ಲ, ಇದೆಂಥ ದೇವರು, ಬಂದ ಮನೆಯಲ್ಲಿ ಉಳಿದವರನ್ನೆಲ್ಲ ಹೊರಗೆ ಹಾಕು ಎನ್ನುವ ದೇವರು. ತಮಿಸ್ತಾ ಈ ಕ್ರಿಸ್ತನವರ ಕಡೆ ವಾಲಿದ್ದು ಅವನಿಗೆ ಪೂರ್ತಿ ಗೊತ್ತಿಲ್ಲದ್ದೇನಲ್ಲ, ಹಬ್ಬದ ದಿನ ಹಿರಿಯರ ಗೋರಿಗೆ ಬಿಯರು ಹೊಯ್ಯಲು ಬಾ ಎಂದರೆ ತಲೆನೋವು ಎನ್ನುತ್ತಿದ್ದಳು, ಅವರೆಲ್ಲ ಸೇರುವ ಹೆರಾಯಿಸ್ ಎಂಬ ವಿಧವೆಯ ಮನೆಯಲ್ಲಿ ದೊಡ್ಡಮನೆಯ ಒಡತಿ ತನ್ನ ಆಳಿನ ಜೊತೆ ಒಂದೇ ರೊಟ್ಟಿ ಮುರಿದುಕೊಂಡು ತಿನ್ನುತ್ತಾಳಂತೆ, ಅಕ್ಕ ತಂಗಿ ಎಂದು ಕರೆದುಕೊಳ್ಳುತ್ತಾರಂತೆ ಎಂದು ಊರು ನಗುತ್ತಿದ್ದಾಗ ಅವನೂ ನಗುತ್ತಿದ್ದ, ನಾಳೆ ನಮ್ಮ ಕತ್ತೆನೂ ಬಾವ ಅಂತ ಕರೀಬೇಕಾಗುತ್ತೆ ನೋಡು ಎಂದಿದ್ದ, ಅವಳು ನಕ್ಕಿರಲಿಲ್ಲ, ಇಂಥ ಹುಚ್ಚು ಹೆಂಗಸರಿಗೆ ಬರುತ್ತದೆ ಹೋಗುತ್ತದೆ ಎಂದುಕೊಂಡಿದ್ದ. ಸರದಿ ಬಂತು. ಅವನು ಹಾಕಿದ, ಸುರಿದ, ತಿಂದ. ಬರಹಗಾರ ಕೊಲ್ಲೂಥ ಅವನ ಜೊತೆ ಕಾಲುವೆಯಲ್ಲಿ ಈಜಿ ಬೆಳೆದವನು, ಕೇಳುವ ಮೊದಲೇ ಬರೆಯುತ್ತಿದ್ದ, ಪಮೂನಿಸ್, ನೇಯ್ಗೆಯವನು, ವಯಸ್ಸು ನಲವತ್ತೊಂಬತ್ತು, ಬಲಮೊಣಕಾಲಿನ ಮೇಲೆ ಗಾಯದ ಗುರುತು, ಹೆಂಡತಿ ತಮಿಸ್ತಾ ಸಹಿತ ಬಲಿಯ ಮಾಂಸ ರುಚಿ ನೋಡಿದ್ದಾನೆ — ಇಲ್ಲ, ಎಂದಳು ತಮಿಸ್ತಾ. ನಾನು ನೋಡಿಲ್ಲ, ನೋಡೋದೂ ಇಲ್ಲ, ನನ್ನ ಹೆಸರು ಹೊಡೆದುಹಾಕು. ಕೊಲ್ಲೂಥ ತಲೆ ಎತ್ತಲಿಲ್ಲ, ದನಿ ತಗ್ಗಿಸಿ, ಅತ್ತಿಗೆ, ಸುಮ್ನೆ ನಿಂತ್ಕೊಳ್ಳಿ, ನಾನು ಕುರುಡ, ಬರ್ಕೊಂಡು ಹೋಗ್ತೀನಿ, ನೀವೇನೂ ಮಾಡೋದೇ ಬೇಡ ಎಂದ. ಅಷ್ಟು ದೊಡ್ಡ ಮನಸ್ಸು. ಯಾರು ಮಾಡುತ್ತಾರೆ ಅಷ್ಟು. ಸುಳ್ಳು ಬರೀಬೇಡಪ್ಪ ಎಂದಳು ಅವಳು, ಹಿಂದೆ ನಿಂತಿದ್ದವರಿಗೆಲ್ಲ ಕೇಳುವ ಹಾಗೆ, ಪಟ್ಟಣದಿಂದ ಬಂದಿದ್ದ ಅಧಿಕಾರಿ ಬೀಸಣಿಗೆ ನಿಲ್ಲಿಸಿ ನೋಡಿದ, ಕೊಲ್ಲೂಥ ಲೇಖನಿಯಿಂದ ಅವಳ ಹೆಸರಿನ ಮೇಲೆ ಒಂದು ಗೀಟು ಎಳೆದ. ಇಪ್ಪತ್ತೆರಡು ವರ್ಷದ ಸಂಸಾರ, ಒಂದು ಗೀಟು.

ಆ ಕಡೆ ಈಚಲುಮರಗಳ ಆಚೆ ತಿಪ್ಪೆ ಕಾಣುತ್ತಿದೆ, ಊರಿನ ಒಡೆದ ಮಡಕೆ, ಬೂದಿ, ಹಳೆಯ ಚಾಪೆ ಎಲ್ಲ ಬಂದು ಬೀಳುವ ದಿಬ್ಬ, ಅವನು ಕಣ್ಣನ್ನು ನೀರಿನ ಕಡೆ ಹೊರಳಿಸುತ್ತಾನೆ, ಕಾಲುವೆಯ ತಳ ಕಾಣುತ್ತಿದೆ, ನೆರೆ ಬರುವುದಕ್ಕೆ ಇನ್ನೂ ಒಂದು ತಿಂಗಳು, ಅವನೇನು ಮಾಡಬಾರದ್ದು ಮಾಡಿದನೇ, ಎಲ್ಲರೂ ಮಾಡುತ್ತಾರೆ, ಅವನ ಅಪ್ಪ ಮಾಡಿದ್ದ, ಕೊಲ್ಲೂಥ ಎರಡು ಸಲ ಮಾಡಿದ್ದಾನೆ, ಆ ವರ್ಷ ನದಿಯ ನೆರೆ ಬಂದಿರಲಿಲ್ಲ, ಹೊಲ ಒಣಗಿತ್ತು, ಮನೆಯಲ್ಲಿ ಮಗ ಹಿಯೆರಕ್ಸನಿಗೆ ನಾಲ್ಕು ವರ್ಷ, ಅವನಿಗೇ ಹೊಟ್ಟೆತುಂಬ ರೊಟ್ಟಿ ಇಲ್ಲ, ಇನ್ನೊಂದು ಬಾಯಿ, ಅದೂ ಹೆಣ್ಣು. ಸೂಲಗಿತ್ತಿ ಎತ್ತಿ ತೋರಿಸಿದಳು, ಅವನು ತಲೆಯಾಡಿಸಿದ, ಅಷ್ಟೇ ಸಾಕು, ಮನೆಯ ಗಂಡಸು ತಲೆ ಹೇಗೆ ಆಡಿಸುತ್ತಾನೆ ಎನ್ನುವುದರ ಮೇಲೆ ಮಗು ಇರುತ್ತದೆ ಇಲ್ಲವೇ ಹೋಗುತ್ತದೆ. ತನ್ನದೇ ಮಗ್ಗದ ಒಂದು ತುಂಡು ಬಟ್ಟೆ ಸುತ್ತಿದ್ದ, ಬರೀ ಮೈಯಲ್ಲಿ ಇಡಲಿಲ್ಲ, ದಿಬ್ಬದ ಎತ್ತರದ ಕಡೆ ಇಟ್ಟಿದ್ದ, ಎತ್ತಿಕೊಂಡು ಹೋಗುವವರು ಬರುವ ಕಡೆ, ಸಾಕಿ ಆಳಾಗಿ ಮಾರುವವರೋ ಮಕ್ಕಳಿಲ್ಲದವರೋ ಯಾರಾದರೂ ಒಯ್ಯುತ್ತಾರೆ ಎಂದು, ಮನೆಗೆ ಬಂದು ಹೆಂಡತಿಗೆ ಹೇಳಿದ್ದ, ಒಳ್ಳೆ ಜಾಗದಲ್ಲಿ ಇಟ್ಟಿದ್ದೀನಿ, ಆ ಕಡೆ ನಾಯಿ ಬರಲ್ಲ. ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅಳಲಿಲ್ಲ. ಒಪ್ಪಿಗೆ ಎಂದುಕೊಂಡ. ಮೂರು ದಿನಕ್ಕೆ ಎದ್ದು ಹೆರಾಯಿಸ್‌ಗೆ ನಾರು ಕೊಟ್ಟುಬರ್ತೀನಿ ಎಂದು ಹೋದಳು, ನೂಲುವ ವಿಧವೆ, ಅಗಸರ ಬೀದಿಯ ಕೊನೆಯ ಮನೆ, ಅಂದಿನಿಂದ ವಾರ ತಪ್ಪದೆ ಹೋಗುತ್ತಿದ್ದಳು, ನಾರು ಒಯ್ಯುವುದು, ನೂಲು ತರುವುದು, ಹೋದಾಗೆಲ್ಲ ಸೆರಗಿನಲ್ಲಿ ಏನೋ ಕಟ್ಟಿಕೊಂಡು ಹೋಗುತ್ತಿದ್ದಳು, ಈರುಳ್ಳಿ, ಖರ್ಜೂರ, ಒಂದು ಸಲ ಹಿಯೆರಕ್ಸನ ಹಳೆಯ ಅಂಗಿ, ಪಾಪ ವಿಧವೆ ಎಂದು ಅವನೇ ಹೇಳುತ್ತಿದ್ದ, ಇನ್ನಷ್ಟು ಕೊಡು ಎನ್ನುತ್ತಿದ್ದ. ಎರಡು ವರ್ಷದಿಂದ ಈಚೆಗೆ ನೂಲು ಎಷ್ಟು ಸಣ್ಣಗೆ ಬರುತ್ತಿತ್ತೆಂದರೆ ಲಾಳಿ ತಾನಾಗಿ ಓಡುತ್ತಿತ್ತು, ಬೆರಳಿಗೆ ತಾಗಿದರೆ ತಾಗಿದ ಹಾಗೇ ಇರುತ್ತಿರಲಿಲ್ಲ, ಮುದುಕಿಯ ಕೈ ಈಗ ಪಳಗಿತು ನೋಡು ಎಂದು ಹೆಂಡತಿಗೆ ಹೇಳಿದ್ದ, ಹೂಂ ಎಂದಿದ್ದಳು, ಈರುಳ್ಳಿ ಹೆಚ್ಚುತ್ತ, ಹೂಂ. ಅದು ಮುದುಕಿಯ ಕೈಯಲ್ಲ. ಅವನು ಎರಡು ವರ್ಷ ಆ ಹುಡುಗಿ ನೂತದ್ದನ್ನು ಹಾಸುಹೊಕ್ಕಾಗಿ ನೇಯ್ದು ದೇವರಿಗೆ ಹೊದಿಸಿದ, ಊರವರು ಬಟ್ಟೆ ಮುಟ್ಟಿ ನೋಡಿ ಭೇಷ್ ಎಂದಾಗ ತಲೆದೂಗಿದ, ಮಗ್ಗದ ಆಚೆ ಕೂತು ತಮಿಸ್ತಾ ನೋಡುತ್ತಿದ್ದಳು, ನಗುತ್ತಿದ್ದಳೇ ಒಳಗೊಳಗೆ, ಇಲ್ಲ, ನಗುವವಳಲ್ಲ, ನಕ್ಕಿದ್ದರೆ ವಾಸಿಯಿತ್ತು. ಮತ್ತೆ ಆ ಕಾಯಿಲೆಯ ವರ್ಷ, ಹಿಯೆರಕ್ಸನಿಗೆ ಹದಿನಾಲ್ಕು, ನಾಲ್ಕು ದಿನ ಜ್ವರ, ಕಣ್ಣಲ್ಲಿ ರಕ್ತ, ಪಮೂನಿಸನ ಅಣ್ಣತಮ್ಮಂದಿರು ಬೀದಿಯ ಆ ಕಡೆ ನಿಂತು ಕೂಗಿ ವಿಚಾರಿಸಿಕೊಂಡು ಓಡಿದರು, ಪೂಜಾರಿ ಬರಲಿಲ್ಲ, ಹೆಣ ತೊಳೆಯುವವರು ಬರಲಿಲ್ಲ, ಹೆರಾಯಿಸ್ ಬಂದಳು, ಅವಳ ಜೊತೆ ಇನ್ನಿಬ್ಬರು, ಕೇಳದೆಯೇ ಬಂದರು, ಹುಡುಗನ ಬಾಯಿ ಒರೆಸಿದರು, ತೊಳೆದರು, ಹೊತ್ತರು, ಯಾಕಮ್ಮಾ ನಿಮಗೆ ಹೆದರಿಕೆ ಇಲ್ವಾ ಎಂದರೆ, ಇದೆ, ಇಲ್ದೆ ಏನು, ಆದ್ರೆ ಇವನೂ ನಮ್ಮವನೇ ಅಲ್ವಾ ಎಂದಳು ಹೆರಾಯಿಸ್. ಅವತ್ತು ಅವನು ಅಂಗಳದಲ್ಲಿ ಬಿದ್ದು ಹೊರಳಿದ, ನನ್ನ ಬಾಯಿಗೆ ನೀರು ಬಿಡೋರು ಯಾರೂ ಉಳೀಲಿಲ್ಲ, ನನ್ನ ಗೋರಿಗೆ ಬರೋರು ಯಾರೂ ಇಲ್ಲ, ನನ್ನ ಬಳ್ಳಿ ಕಡಿದುಹೋಯ್ತು ಎಂದು ಎದೆ ಬಡಿದುಕೊಂಡ, ತಮಿಸ್ತಾ ಮಗನ ಬಟ್ಟೆ ಹಿಂಡುತ್ತಿದ್ದಳು, ಹಿಂಡುತ್ತಲೇ ಇದ್ದಳು, ನೀರು ಬರುವುದು ನಿಂತ ಮೇಲೂ. ಒಂದು ಮಾತು. ಒಂದೇ ಮಾತು ಹೇಳಬಹುದಿತ್ತು, ಇದೆ ಕಣೋ, ಒಂದು ಇದೆ, ಅಗಸರ ಬೀದಿಯಲ್ಲಿ. ಹೇಳಲಿಲ್ಲ. ಎರಡು ವರ್ಷ ಅವನ ಪಕ್ಕದ ಚಾಪೆಯಲ್ಲಿ ಮಲಗಿ ಅವನು ಬಿಕ್ಕುವುದನ್ನು ಕೇಳಿದಳು, ಹೇಳಲಿಲ್ಲ.

ಹಿಂದೆ ಹೆಜ್ಜೆಯ ಸದ್ದು ನಿಂತಿದೆ, ಅವನೂ ನಿಲ್ಲುತ್ತಾನೆ, ತಿರುಗುವುದಿಲ್ಲ, ಕಾಲಿಗೆ ಮುಳ್ಳು ಚುಚ್ಚಿರಬೇಕು, ಮುಳ್ಳೇನಮ್ಮ ಎಂದು ಕೇಳಬೇಕು, ಅಮ್ಮ ಎನ್ನಬೇಕೇ, ಮಗಳೇ ಎನ್ನಬೇಕೇ, ಅಷ್ಟರಲ್ಲಿ ಮತ್ತೆ ಸದ್ದು ಶುರುವಾಯಿತು. ಸರದಿಯಲ್ಲಿ ಅವಳು ಹೆರಾಯಿಸ್‌ಳ ಕೈ ಹಿಡಿದುಕೊಂಡು ಅವರ ಹಿಂದೆಯೇ ನಿಂತಿದ್ದಳಂತೆ, ಅವನು ಗಮನಿಸಿಯೇ ಇರಲಿಲ್ಲ, ಮುದುಕಿ ಧೂಪ ಹಾಕಲ್ಲ ಎಂದಳು, ಅವಳನ್ನು ತಮಿಸ್ತಾಳ ಪಕ್ಕಕ್ಕೆ ತಳ್ಳಿದರು, ಆಮೇಲೆ ಕೊಲ್ಲೂಥ ಹುಡುಗಿಯನ್ನು ಕೇಳಿದ, ನಿನ್ನಪ್ಪನ ಹೆಸರು ಹೇಳಮ್ಮ, ಅಪ್ಪ ಹಾಕಿದ್ರೆ ಮಕ್ಕಳು ಹಾಕಿದ ಹಾಗೇ. ಅಪ್ಪ ಇಲ್ಲ, ನನ್ನ ತಿಪ್ಪೆಯಿಂದ ಎತ್ಕೊಂಡು ಬಂದಿದ್ದು ಎಂದಳು ಅವಳು, ನೂಲಿನ ಲೆಕ್ಕ ಹೇಳುವವಳ ಹಾಗೆ, ನಾಚಿಕೆಯಿಲ್ಲದೆ. ಹಾಗಾದ್ರೆ ನೀನೇ ಹಾಕ್ಬೇಕು. ಹಾಕಲ್ಲ. ಅಧಿಕಾರಿ ಕೈಬೆರಳು ಎತ್ತಿದ, ಒಬ್ಬ ಸಿಪಾಯಿ ಅವಳ ತೋಳಿಗೆ ಕೈ ಹಾಕಿದ, ಆಗ ತಮಿಸ್ತಾ ಕೂಗಿದಳು, ಅಷ್ಟು ಹೊತ್ತು ಕಂಬದ ಹಾಗೆ ನಿಂತಿದ್ದವಳು, ಇದ್ದಾನೆ, ಅವಳಪ್ಪ ಇಲ್ಲೇ ಇದ್ದಾನೆ ಎಂದು. ಅವನ ಕಡೆ ತಿರುಗಿದಳು. ನೀನು ತಗೊಂಡು ಹೋದ ದಿನದಿಂದ ನಾನು ನಿನ್ನ ಹತ್ರ ಏನೂ ಕೇಳಿಲ್ಲ, ಇವತ್ತು ಒಂದು ಕೇಳ್ತೀನಿ, ನನ್ನ ಮಗಳು ಅನ್ನು, ನಿನ್ನ ಚೀಟಿಯಲ್ಲಿ ಬರೆಸು, ಕರ್ಕೊಂಡು ಹೋಗು. ಊರೆಲ್ಲ ನೋಡುತ್ತಿತ್ತು. ಹೆರಾಯಿಸ್ ಕಣ್ಣು ಮುಚ್ಚಿಕೊಂಡಳು, ಅವರ ದೇವರಿಗೆ ಈ ಮಾತು ಹಿಡಿಸಲಿಲ್ಲವೇನೋ, ತನ್ನ ಹೆಸರಿಗೆ ಸುಳ್ಳು ಬೇಡ ಎಂದ ತಮಿಸ್ತಾ ಮಗಳಿಗಾಗಿ ಅವನ ಧೂಪದ ನೆರಳು ಕೇಳುತ್ತಿದ್ದಾಳೆ, ಕೇಳಿದಳು, ಅಷ್ಟಕ್ಕೆ ಮಾತ್ರ ಅವನು ಬೇಕಾದ. ಹುಡುಗಿ ಅವನನ್ನು ನೋಡಲೇ ಇಲ್ಲ, ತಮಿಸ್ತಾಳನ್ನೇ ನೋಡುತ್ತಿದ್ದಳು, ನೂಲಿನಮ್ಮ, ನೀವ್ಯಾಕೆ ನಂಗೆ ಹೇಳ್ಲಿಲ್ಲ ಎಂದಳು. ನೂಲಿನಮ್ಮ. ಹಾಗಾದರೆ ಇವಳಿಗೂ ಹೇಳಿರಲಿಲ್ಲ. ಹೋಗು ಮಗಾ, ಅವನು ಕೆಟ್ಟವನಲ್ಲ ಎಂದಳು ತಮಿಸ್ತಾ ಕೊನೆಗೆ, ಅಷ್ಟೇ, ಇಪ್ಪತ್ತೆರಡು ವರ್ಷ ಕಂಡ ಗಂಡನ ಬಗ್ಗೆ ಅವಳಿಗೆ ಹೇಳಲು ಇದ್ದದ್ದು ಅಷ್ಟು. ಹೌದು, ನನ್ನ ಮಗಳು ಎಂದ ಪಮೂನಿಸ್. ಯಾಕೆ ಎಂದನೋ, ಮಾನಕ್ಕೋ, ನೀರು ಬಿಡಲು ಒಂದು ಕೈ ಸಿಕ್ಕಿತೆಂದೋ, ಬಾಯಿಗೆ ಬಂತು. ಕೊಲ್ಲೂಥ ಉಸಿರು ಬಿಟ್ಟು ಲೇಖನಿ ಅದ್ದಿದ, ಹೆಸರು ಹೇಳಣ್ಣ ಎಂದ. ಮಗಳ ಹೆಸರು. ಕೊಪ್ರಿಯಾ ಎಂದಳು ಹುಡುಗಿಯೇ, ತಿಪ್ಪೆಯವಳು, ಎತ್ತಿ ತಂದವರಿಗೆಲ್ಲ ಊರು ಇಡುವ ಹೆಸರು. ವಯಸ್ಸು. ಹನ್ನೆರಡು. ಗುರುತು, ಎಂದ ಕೊಲ್ಲೂಥ, ಮೈಮೇಲೆ ಗಾಯದ ಗುರುತು ಏನಾದ್ರೂ ಇದೆಯೇನಮ್ಮ, ಬರೀಬೇಕು. ಇದೆ, ಎಂದಳು, ಎಡಗೈಯಿಂದ ಕೂದಲು ಎತ್ತಿದಳು, ಕಿವಿಯ ಕೆಳಗಿನ ಅರ್ಧ ಇರಲಿಲ್ಲ, ಹರಿದ ಬಟ್ಟೆಯ ಅಂಚಿನ ಹಾಗೆ, ಕೆನ್ನೆಯ ಮೇಲೆ ಮೂರು ಬಿಳಿ ಚುಕ್ಕೆ ಸಾಲಾಗಿ. ನಾಯಿ, ಎಂದಳು. ಹೆರಾಯಮ್ಮ ಬರೋ ಹೊತ್ತಿಗೆ ಹಿಡ್ಕೊಂಡಿತ್ತಂತೆ.

ಮನೆ ಬಂತು, ಬಾಗಿಲು ತೆರೆದ, ಮಗ್ಗದ ಮೇಲೆ ಅರ್ಧ ನೇಯ್ದ ಬಟ್ಟೆ, ಗೂಡಿನಲ್ಲಿ ಮಣ್ಣಿನ ದೇವರು, ಅವಳು ಹೊಸ್ತಿಲ ಆಚೆಯೇ ನಿಂತಳು, ಗೂಡನ್ನು ನೋಡಿದಳು, ಒಳಗೆ ಬರಲಿಲ್ಲ, ಅವನು ಮಡಕೆಯಿಂದ ನೀರು ಬಗ್ಗಿಸಿ ಕೊಟ್ಟ, ನೂಲಿನಮ್ಮನ್ನ ಯಾವಾಗ ಬಿಡ್ತಾರೆ ಅಯ್ಯಾ ಎಂದಳು ಕುಡಿಯುವ ಮೊದಲು, ಗೊತ್ತಿಲ್ಲ ಎಂದ, ಹೆರಾಯಮ್ಮನ್ನ ಎಂದಳು, ಗೊತ್ತಿಲ್ಲ ಎಂದ, ಕುಡಿದಳು. ಅವಳಿಗೆ ಹೇಳಬೇಕು, ಬಟ್ಟೆ ಸುತ್ತಿದ್ದೆ ಎಂದು, ಎತ್ತರದಲ್ಲಿ ಇಟ್ಟಿದ್ದೆ ಎಂದು, ಆ ವರ್ಷ ನೆರೆ ಬಂದಿರಲಿಲ್ಲ ಎಂದು, ಮೋಸ ಆಗಿದ್ದು ನನಗೆ ಕಣಮ್ಮ, ನಿನ್ನ ನೂಲಿನಮ್ಮ ನನ್ನ ಪಕ್ಕದಲ್ಲೇ ಇದ್ದುಕೊಂಡು ಎಂದು ಶುರುಮಾಡಬೇಕು, ಶುರುಮಾಡಿದರೆ ಆ ಕಡೆ ನಾಯಿ ಬರಲ್ಲ ಎನ್ನುವ ಮಾತಿಗೆ ಬಂದು ನಿಲ್ಲುತ್ತದೆ, ತಮಿಸ್ತಾಗೆ ಗೊತ್ತಿತ್ತು, ಮೂರನೆಯ ದಿನವೇ ಆ ಕಿವಿ ನೋಡಿದ್ದಳು, ಹಸಿಗಾಯ, ನೋಡಿ ಬಂದು ಅವನಿಗೆ ರೊಟ್ಟಿ ಬಡಿಸಿದ್ದಳು, ಹನ್ನೆರಡು ವರ್ಷ ಬಡಿಸಿದಳು, ಅವನು ಚೀಟಿ ಬಿಚ್ಚುತ್ತಾನೆ, ಓದಲು ಬರುವುದಿಲ್ಲ, ಯಾವ ಸಾಲಿನಲ್ಲಿದೆಯೋ, ಎಡಗಿವಿ ಎಂದು, ಗುರುತು, ಎಂದ ಕೊಲ್ಲೂಥ, ಇದೆ, ಎಂದಳು, ಕೂದಲು ಎತ್ತಿದಳು, ಎಡಗೈ, ಕೂದಲು, ಹರಿದ ಅಂಚು, ಮೂರು ಬಿಳಿ ಚುಕ್ಕೆ, ಕೂದಲು ಎತ್ತಿದಳು, ಮೂರು ಚುಕ್ಕೆ, ಸಾಲಾಗಿ, ಕೂದಲು ಎತ್ತಿದಳು