ನೀಲಿ ಹೊಟ್ಟೆಯ ಹುಳು

ಹತ್ತುತ್ತಿದೆ ಸೀಸೆಯ ಗೋಡೆಯನ್ನು, ಹಣ್ಣಿನ ನೊಣದ ಮರಿಹುಳು, ಹೊಟ್ಟೆ ಇನ್ನೂ ನೀಲಿ, ಆಹಾರಕ್ಕೆ ನಾನೇ ಬೆರೆಸಿದ ಬಣ್ಣ, ತಿನ್ನುವುದು ಬಿಟ್ಟು ಹೊತ್ತಾದ ಮೇಲೆ ಹೊಟ್ಟೆ ತಿಳಿಯಾಗುತ್ತದೆ, ಆಗ ಮಾತ್ರ ಅದರ ಜೊಲ್ಲುಗ್ರಂಥಿಯೊಳಗೆ ಒಂದು ಜೀನ್ ಎಚ್ಚರಗೊಳ್ಳುವುದು, ವರ್ಣತಂತುವಿನ ಒಂದೇ ಒಂದು ಪಟ್ಟೆ ಊದಿಕೊಳ್ಳುವುದು — ನನ್ನ ಉಬ್ಬು, ಅದುವರೆಗೆ ಯಾರೂ ಗುರುತಿಸಿರದ ಉಬ್ಬು, ಕಂಡ ದಿನ ಓಡಿಹೋಗಿ ಕರೆದದ್ದು ಪಕ್ಕದ ಕೋಣೆಯಲ್ಲಿದ್ದ ಗಂಡನನ್ನೇ, ರೀ ಬನ್ನಿ ಇಲ್ಲಿ, ಬೇಗ ಬನ್ನಿ. ಬಂದರು, ನೋಡಿದರು, ಈಗ ಅದು ಅವರ ಉಬ್ಬು. ಅಚ್ಚಾದ ಪ್ರಬಂಧದ ಮೇಲೆ ಅವರ ಹೆಸರೊಂದೇ. ಕೇಳಿದರೆ, ನಿಂದು ನಂದು ಅಂತ ಏನೇ ಅದು, ಹೆಸರು ಬರೋದು ನಮ್ಮನೆಗೇ ತಾನೆ. ಅತ್ತೆಯದೂ ಅದೇ ರಾಗ, ಗಂಡನ ಏಳಿಗೆ ನೋಡಿ ಹೊಟ್ಟೆ ಉರ್ಕೋಬಾರ್ದಮ್ಮ. ಉರಿಯುತ್ತಿದೆ ಅತ್ತೆ, ಧಗಧಗ ಉರಿಯುತ್ತಿದೆ. ಸಭಾಂಗಣದಲ್ಲಿ ಅತಿಥಿಗಳು ಕಾಯುತ್ತಿದ್ದಾರೆ, ಅವರಿಗೆ ಕಣ್ಣಾರೆ ತೋರಿಸಬೇಕಂತೆ, ಸ್ಲೈಡ್ ಮಾತ್ರ ನೀನೇ ಮಾಡ್ಕೊಡೇ, ನಿನ್ನಷ್ಟು ನಾಜೂಕಾಗಿ ನನ್ ಕೈಲಾಗಲ್ಲ — ಬೆಣ್ಣೆ ಹಚ್ಚುವುದರಲ್ಲಿ ನಿಸ್ಸೀಮರು. ಹೊಟ್ಟೆ ತಿಳಿಯಾದವು ಮೇಲೆ ಹತ್ತಿಯ ಬಿರಡೆಯ ಹತ್ತಿರ ಬೇಕಾದಷ್ಟಿವೆ, ಚಿಮುಟ ಅತ್ತ ಹೋಗಬೇಕು, ಹೋಗಲಿಲ್ಲ, ಈ ನೀಲಿ ಹೊಟ್ಟೆಯದನ್ನೇ ಎತ್ತಿಕೊಂಡೆ. ಒಂದು ಸೂಜಿ ಮೈಗೆ, ಇನ್ನೊಂದು ಬಾಯಿಗೆ, ಎಳೆದರೆ ಗ್ರಂಥಿಗಳ ಜೋಡಿ ಈಚೆಗೆ, ಕೆಂಪು ಬಣ್ಣ, ಮೇಲೊಂದು ತೆಳು ಗಾಜಿನ ಕವರ್‌ಸ್ಲಿಪ್, ಅದರ ಮೇಲೆ ಬ್ಲಾಟಿಂಗ್ ಪೇಪರ್, ಹೆಬ್ಬೆರಳಿನಿಂದ ಒತ್ತು, ಅಲುಗದ ಹಾಗೆ — ಅಚ್ಚುಕಟ್ಟಾದ ಸ್ಲೈಡ್, ಉಬ್ಬೊಂದಿಲ್ಲ, ಹುಡುಕಲಿ, ಎಲ್ಲರೆದುರು ತಡಕಾಡಲಿ, ಬೆವರಲಿ, ಕೊನೆಗೆ ನನ್ನನ್ನೇ ಕರೆಯಲಿ, ಇದು ನಿಂದು ಕಣೇ, ನೀನೇ ತೋರ್ಸು ಅನ್ನಲಿ.

ಕೊಟ್ಟೆ. ಸೂಕ್ಷ್ಮದರ್ಶಕಕ್ಕೆ ಬಗ್ಗಿದರು, ತಿರುಪು ತಿರುಗಿಸಿದರು, ಈಗ ಕರೆಯುತ್ತಾರೆ, ಈಗ — ಆಹಾ, ಇಲ್ಲೇ ಇದೆ ನೋಡಿ ಸಾರ್, ಎಷ್ಟು ಚೆನ್ನಾಗಿ ಊದ್ಕೊಂಡಿದೆ. ಊದಿಕೊಂಡಿದೆಯಂತೆ! ಹಿರಿಯ ಅತಿಥಿ ಕನ್ನಡಕ ತೆಗೆದು ಬಗ್ಗುತ್ತಾರೆ, ಹೌದು ಹೌದು, ಅದ್ಭುತ. ಅವರ ಹಿಂದಿನವರು, ಓಹೋ, ಏನ್ ಸ್ಪಷ್ಟವಾಗಿದೆ ರೀ. ಒಬ್ಬರಾದ ಮೇಲೆ ಒಬ್ಬರು, ಎಲ್ಲರಿಗೂ ಕಾಣುತ್ತದೆ, ಅಲ್ಲೇನೂ ಇಲ್ಲ ಕಣ್ರೀ ಎನ್ನಬೇಕು, ಯಾಕೆಂದು ಕೇಳಿದರೆ ಏನೆಂದು ಹೇಳಲಿ, ಬೇಕೆಂದೇ ಬೇರೆ ಹುಳು ಹಿಡಿದೆ ಎಂದೇ, ಗಂಡನ ಮಾನ ಕಳೆದ ಹೆಂಗಸು ಎನಿಸಿಕೊಳ್ಳಲೇ, ಚಪ್ಪಾಳೆ, ಕುರ್ಚಿಗಳ ಸದ್ದು, ಎಲ್ಲರೂ ಕಾಫಿಗೆ ಹೊರಟರು, ನೀನೂ ಒಂದ್ಸಲ ನೋಡೇ, ಚೆನ್ನಾಗ್ ಬಂದಿದೆ, ಎನ್ನುತ್ತ ಬೆನ್ನು ತಟ್ಟಿ ಇವರೂ ಹೋದರು, ಬಗ್ಗುತ್ತೇನೆ, ಥೂ, ನನಗೂ ಒಂದು ಕ್ಷಣ ಆಸೆ, ಇದ್ದರೂ ಇರಬಹುದೇನೋ, ಪಟ್ಟೆಯ ಪಕ್ಕ ಪಟ್ಟೆ, ಕಡುಗೆಂಪು, ಬಿಳಿ, ಕಡುಗೆಂಪು, ಅಲ್ಲಿ, ನನ್ನದು ಇರಬೇಕಾದ ಜಾಗದಲ್ಲಿ, ಒಂದು ಚಪ್ಪಟೆ ಪಟ್ಟೆ, ಚಪ್ಪಟೆ, ಚಪ್ಪಟೆ