ಹಾ ಅನ್ನು

ಗಡ್ಡದ ಮೇಷ್ಟ್ರು ಮರದ ಪೆಟ್ಟಿಗೆಯಿಂದ ಮೊದಲ ಬಾಟಲಿ ತೆಗೆದು ಮೇಜಿನ ಮೇಲಿಟ್ಟಾಗ ಅಕ್ಕನ ಜೀವ ಬಾಯಿಗೆ ಬಂತು. ಹಿಂದೆಯೇ ಎರಡನೆಯದು ಬಂತು, ಮೂರನೆಯದು ಬಂತು. ಆಮೇಲೆ ಪುಟ್ಟ ಪುಟ್ಟ ಗಾಜಿನ ಲೋಟಗಳ ತಟ್ಟೆ. ಪಕ್ಕದಲ್ಲಿ ಕೂತಿದ್ದ ತಮ್ಮ ಮಾತ್ರ ಏನೂ ಕಾಣದವನ ಹಾಗೆ, ಅಂಗಳದಲ್ಲಿ ಹೊಗೆಯಾಡುತ್ತಿದ್ದ ಕಬ್ಬಿಣದ ಒಲೆಯ ಕಡೆ ನೋಡುತ್ತಿದ್ದ.

"ಇದೇನೋ ಇದು?" ಅಕ್ಕ ಪಿಸುಗುಟ್ಟಿದಳು.

"ಬರ್ಬನ್. ಮೆಕ್ಕೆಜೋಳದ ವಿಸ್ಕಿ."

"ಅದು ಯಾಕೆ ಇಲ್ಲಿ?"

"ಟಿಕೆಟ್ ತಗೊಂಡಿದ್ದು ನೀನಲ್ವಾ? ಹೊಗೇಲಿ ಮಾಂಸ ಬೇಯಿಸೋ ಕ್ಲಾಸು, ಜೊತೆಗೆ ಬರ್ಬನ್ ರುಚಿ ನೋಡೋದು. ಗೇಟಿಗೇ ಬೋರ್ಡ್ ಹಾಕಿದ್ರು."

"ಗೇಟಲ್ಲೇ ಹೇಳೋಕೇನಾಗಿತ್ತು ನಿಂಗೆ?"

"ಹೇಳಿದ್ರೆ ನೀನು ಅಲ್ಲಿಂದಾನೇ ನನ್ನ ಎಳ್ಕೊಂಡು ಹೋಗ್ತಿದ್ದೆ. ನಂಗೆ ಇದನ್ನ ಕಲೀಬೇಕಿತ್ತು ಅಕ್ಕ."

ತಪ್ಪು ಅವಳದೇ. ಆಸ್ಪತ್ರೆಯ ಲಾಂಡ್ರಿಯಲ್ಲಿ ಒಂದು ಪಾಳಿ ಮುಗಿಸಿ, ಬಾರದವಳ ಬದಲಿಗೆ ಇನ್ನೊಂದು ಪಾಳಿಗೂ ನಿಂತ ದಿನ, ಒಗೆದ ಚಾದರಗಳ ರಾಶಿಗೆ ಒರಗಿಕೊಂಡು ಫೋನಿನಲ್ಲಿ ನೋಡಿದ್ದಳು. ಹೊಗೆಯಾಡುವ ಮಾಂಸದ ತುಂಡಿನ ಚಿತ್ರ, ಕೆಳಗೆ ಅದೇನೋ ನಾಲ್ಕು ಸಾಲು. ಆ ಸಾಲುಗಳನ್ನು ಓದುವಷ್ಟು ಕಣ್ಣು ತೆರೆದಿರಲಿಲ್ಲ. ತಮ್ಮನ ಹುಟ್ಟುಹಬ್ಬಕ್ಕೆಂದು ಎರಡು ಟಿಕೆಟ್ ತೆಗೆದುಬಿಟ್ಟಳು. ಕುಡಿತ ಬಿಟ್ಟ ಮೇಲೆ ಅವನಿಗೆ ಅಡುಗೆಯ ಹುಚ್ಚು ಹಿಡಿದಿತ್ತು. ಹಗಲೆಲ್ಲ ಮಂಡಿಯೂರಿ ಯಾರದೋ ಮನೆಗೆ ಟೈಲ್ಸ್ ಹಾಕಿ ಬಂದವನು, ಸಂಜೆ ಅಕ್ಕನ ಅಡುಗೆಮನೆಯಲ್ಲಿ ಸೊಂಟಕ್ಕೆ ಟವೆಲ್ ಸುತ್ತಿಕೊಂಡು ನಿಲ್ಲುತ್ತಿದ್ದ. ಅವನು ಬಂದು ಸೇರಿಕೊಂಡ ವಾರವೇ ಅವಳು ಕೆಮ್ಮಿನ ಔಷಧಿಯಿಂದ ಹಿಡಿದು ವಿನೆಗರ್‌ವರೆಗೆ ಎಲ್ಲವನ್ನೂ ಮನೆಯಿಂದಾಚೆ ಹಾಕಿದ್ದಳು. ಅಂಥವಳು ಈಗ ಕೈಯಾರೆ ಕರೆತಂದು ಬಾಟಲಿಗಳ ಮುಂದೆ ಕೂರಿಸಿದ್ದಳು.

ಅಕ್ಕ ತಮ್ಮನ ನಡುವೆ ಒಂದು ರೂಢಿಯಿತ್ತು. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲು ಬಾಗಿಲಲ್ಲೇ ಬಗ್ಗಿ ಅಕ್ಕನ ಮುಖಕ್ಕೆ "ಹಾ" ಎಂದು ಉಸಿರು ಬಿಡಬೇಕು. ಅವಳು ಮೂಸಿ ತಲೆಯಾಡಿಸಿದ ಮೇಲೆಯೇ ಒಳಗೆ. ಒಗೆದ ಚಾದರದಲ್ಲಿ ಸೋಪು ಉಳಿದಿದೆಯೋ ಇಲ್ಲವೋ ಮೂಸಿಯೇ ಹೇಳಬಲ್ಲ ಮೂಗು ಅದು, ಮೋಸ ಮಾಡುವಂತಿರಲಿಲ್ಲ. ಹೀಗೇ ವರ್ಷ ದಾಟಿತ್ತು. ನಿಜ ಹೇಳಬೇಕೆಂದರೆ ಅವನಿಗಿಂತ ಅವಳಿಗೇ ಅದು ಸಾಕುಸಾಕಾಗಿತ್ತು. ಆದರೆ ಬಿಡಲು ಧೈರ್ಯವಿರಲಿಲ್ಲ. ಕುಡಿದು ಕಾರನ್ನು ಶಾಲೆಯ ಗೋಡೆಗೆ ನುಗ್ಗಿಸಿದ್ದವನು ಅವನು. ಪುಣ್ಯಕ್ಕೆ ಅಂದು ಶಾಲೆಗೆ ರಜೆಯಿತ್ತು. ಅವನ ಲೈಸೆನ್ಸ್ ವಾಪಸ್ ಬಂದಿತ್ತು, ಆದರೆ ತನ್ನ ಕಾರನ್ನು ಅವಳು ಇನ್ನೂ ಅವನ ಕೈಗೆ ಕೊಟ್ಟಿರಲಿಲ್ಲ, ಕೀ ಅವಳ ಚೀಲದಲ್ಲೇ ಇತ್ತು.

"ಎದ್ದು ಹೋಗೋಣ ನಡಿ," ಎಂದಳು.

"ಮಾಂಸ ಬೆಂದಿಲ್ಲ."

ಅಷ್ಟರಲ್ಲಿ ಯಾರೋ ಒಲೆಯ ಮುಚ್ಚಳಕ್ಕೆ ಕೈ ಹಾಕಿದರು. "ತೆಗೀಬೇಡಿ ಸ್ವಾಮಿ!" ಮೇಷ್ಟ್ರು ಅಲ್ಲಿಂದಲೇ ಕೂಗಿದರು. "ತೆಗೆದು ತೆಗೆದು ನೋಡಿದಷ್ಟೂ ತಡ ಆಗುತ್ತೆ. ಅದರ ಪಾಡಿಗೆ ಅದನ್ನ ಬಿಟ್ಬಿಡಿ."

ತಮ್ಮ ಮೊಣಕೈಯಿಂದ ತಿವಿದ. "ಕೇಳಿಸ್ತಾ ಅಕ್ಕ?"

"ಬಾಯ್ಮುಚ್ಕೊಂಡು ಕೂತ್ಕೋ."

ಮೇಷ್ಟ್ರು ಯಾರನ್ನೂ ಬೇಕೇ ಬೇಡವೇ ಎಂದು ಕೇಳುವವರಲ್ಲ, ಮೊದಲ ಬಾಟಲಿಯಿಂದ ಲೋಟಗಳಿಗೆ ಸಾಲಾಗಿ ಸುರಿಯುತ್ತಾ ಬಂದರು. ಸುತ್ತಲಿದ್ದವರು ಲೋಟದೊಳಗೆ ಮೂಗು ಇಳಿಬಿಟ್ಟು ಒಬ್ಬೊಬ್ಬರು ಒಂದೊಂದು ಹೇಳತೊಡಗಿದರು. ಒಬ್ಬರಿಗೆ ಸುಟ್ಟ ಸಕ್ಕರೆಯ ವಾಸನೆ ಬಂತು, ಇನ್ನೊಬ್ಬರಿಗೆ ಒಣದ್ರಾಕ್ಷಿ. ಅಕ್ಕನಿಗೆ ಬಂದದ್ದು ಶಾಲೆಯ ಗೋಡೆಯ ಪಕ್ಕ ನಜ್ಜುಗುಜ್ಜಾಗಿ ನಿಂತಿದ್ದ ಕಾರಿನ ವಾಸನೆ. ತಮ್ಮ ಲೋಟವನ್ನು ಮುಟ್ಟಿರಲಿಲ್ಲ, ನಿಜ. ಆದರೆ ಅವನ ಹೆಬ್ಬೆರಳು ಮೇಜಿನಂಚನ್ನು ಉಜ್ಜುತ್ತಿತ್ತು. ಅದನ್ನು ನೋಡಲಾರದೆ ಅವಳು ಅವನ ಲೋಟವನ್ನು ಎತ್ತಿ ಗಟಗಟ ಕುಡಿದುಬಿಟ್ಟಳು. ತನ್ನದು ಅಲ್ಲಿ ಉಳಿಯಿತಲ್ಲ, ಅದನ್ನೂ ಕುಡಿದಳು. ಗಂಟಲು ಉರಿದು ಕಣ್ಣಲ್ಲಿ ನೀರು ಬಂತು.

"ಮೇಡಂಗೆ ಹಿಡಿಸಿತು!" ಎಂದು ಮೇಷ್ಟ್ರು ಖುಷಿಯಾಗಿ, ಎರಡನೆಯ ಬಾಟಲಿಯಿಂದ ಅವಳಿಗೆ ಒಂದು ಕೈ ಹೆಚ್ಚೇ ಸುರಿದರು. ಅದನ್ನೂ ಕುಡಿದಳು, ತಮ್ಮನದನ್ನೂ ಕುಡಿದಳು.

"ಏನ್ ಮಾಡ್ತಿದೀಯ ನೀನು? ಜನ್ಮದಲ್ಲಿ ಮುಟ್ಟಿದವಳಲ್ಲ."

"ನೀನು ಅತ್ತ ನೋಡು."

ಆಮೇಲೆ ಒಲೆಯ ಬಿಸಿ ಹಿತವಾಗಿತ್ತು. ಎಷ್ಟೋ ದಿನಗಳ ನಿದ್ದೆ ಸಾಲುಗಟ್ಟಿ ಕಾಯುತ್ತಿತ್ತು. ಒಂದು ಕ್ಷಣ ಕಣ್ಣು ಮುಚ್ಚುತ್ತೇನೆ ಎಂದುಕೊಂಡಳು.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಹೆಗಲ ಮೇಲೆ ತಮ್ಮನ ಕೋಟು. ಜನ ಮಾಂಸ ತಿಂದು ಕೈ ತೊಳೆಯುತ್ತಿದ್ದರು. ಮೂರನೆಯ ಬಾಟಲಿಯ ತಳ ಕಾಣುತ್ತಿತ್ತು. ತಮ್ಮನ ಮುಂದಿದ್ದ ಲೋಟ ಖಾಲಿ. ಅವಳು ಅದನ್ನು ಎತ್ತಿ ಹಿಡಿದಳು.

"ಮೂರನೇ ಸಲ ಸುರಿದಿದ್ದನ್ನ ಯಾರು ಕುಡಿದಿದ್ದು?"

"ಯಾರೂ ಇಲ್ಲ. ಮಾಂಸಕ್ಕೆ ಸವರೋ ಸಾಸಿಗೆ ಸುರಿದೆ. ನಿಂದೂ ಅದಕ್ಕೇ." ಅವನು ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿದ ಬಿಸಿ ಪೊಟ್ಟಣ ಎತ್ತಿ ತೋರಿಸಿದ. "ನಿನ್ನ ಪಾಲು ಕಟ್ಟಿಸ್ಕೊಂಡಿದೀನಿ. ಏಳು."

ಕಾರಿನ ತನಕ ಅವನ ತೋಳು ಹಿಡಿದೇ ನಡೆದಳು. ನೆಲ ಸರಿಯಾಗಿ ಕಾಲಿಗೆ ಸಿಗುತ್ತಿರಲಿಲ್ಲ. ಕಾರಿನ ಬಳಿ ಅವನು ನಿಂತ. ಯಾರೂ ಹೇಳದೆಯೇ ಬಗ್ಗಿ ಅವಳ ಮುಖಕ್ಕೆ "ಹಾ" ಎಂದ.

ಅವಳು ಮೂಸಿದಳು. ಬರೀ ಹೊಗೆ. ಅವನ ಕೂದಲಲ್ಲಿ ಹೊಗೆ, ಅಂಗಿಯಲ್ಲಿ ಹೊಗೆ, ಅದರ ಮೇಲೆ ಅವಳದೇ ಬಾಯಿಯ ಬರ್ಬನ್. ಇನ್ನೊಮ್ಮೆ ಮೂಸಿದಳು. ವರ್ಷವಿಡೀ ದುಡಿದ ಮೂಗು ಕೈಕೊಟ್ಟಿತ್ತು.

"ಗೊತ್ತಾಗ್ತಿಲ್ಲ ಕಣೋ," ಎಂದಳು. ಅಳು ಬರುವಂತಾಯಿತು.

"ಎಲ್ಲಿ, ನೀನೊಂದ್ಸಲ ಹಾ ಅನ್ನು." ಅವಳು ಅವನ ಮುಖಕ್ಕೆ ಹಾ ಎಂದಳು. ಅವನು ಮುಖ ಕಿವುಚಿದ. "ಅಯ್ಯಪ್ಪಾ! ನಿನ್ನ ಕೈಗೆ ಯಾರಾದ್ರೂ ಕಾರು ಕೊಡ್ತಾರಾ?" ಎಂದು ನಕ್ಕವನು, ಹಾಗೆಯೇ ನಗು ನಿಲ್ಲಿಸಿ ಬೂಟಿನ ತುದಿಯಿಂದ ಜಲ್ಲಿ ಕೆದಕಿದ. "ಟ್ಯಾಕ್ಸಿ ಕರೀಲಾ?"

ಅಂಗಳದಲ್ಲಿ ಮೇಷ್ಟ್ರು ಪೈಪು ಹಿಡಿದು ಮೇಜು ತೊಳೆಯುತ್ತಿದ್ದರು. ಕೂಗಿದರೆ ಕೇಳಿಸುವಷ್ಟೇ ದೂರ. ನನ್ನ ತಮ್ಮ ಆ ಲೋಟವನ್ನು ಎಲ್ಲಿಗೆ ಸುರಿದ ಎಂದು ಒಂದು ಮಾತು ಕೇಳಿದರೆ ಸಾಕಿತ್ತು. ಅವಳು ಅತ್ತ ತಿರುಗಿದ್ದನ್ನು ತಮ್ಮನೂ ಕಂಡ. ಬೇಡ ಎನ್ನಲಿಲ್ಲ, ಆಣೆ ಪ್ರಮಾಣ ಮಾಡಲಿಲ್ಲ. ಕುಡಿಯುತ್ತಿದ್ದ ಕಾಲದಲ್ಲಿ ಮಾತಿಗೊಂದು ಆಣೆ ಹಾಕುತ್ತಿದ್ದವನು.

ಅವಳು ಚೀಲದೊಳಗೆ ಕೈ ಹಾಕಿದಳು. ಕೀ ತಳದಲ್ಲೆಲ್ಲೋ ಸೇರಿಕೊಂಡಿತ್ತು, ಬಹಳ ಹೊತ್ತು ತಡಕಿದಳು.

"ನಿಧಾನಕ್ಕೆ ಓಡಿಸು," ಎಂದಳು.

ಅವನು ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಕೀ ತೆಗೆದುಕೊಂಡ. ಸೀಟು ಹಿಂದಕ್ಕೆ ಸರಿಸಿದ, ಕನ್ನಡಿ ತಿರುಗಿಸಿದ, ಮತ್ತೆ ತಿರುಗಿಸಿದ. ಅವಳ ಬೆಲ್ಟನ್ನು ತಾನೇ ಎಳೆದು ಸಿಕ್ಕಿಸಿದ. ಕಾರು ಜಲ್ಲಿಯ ಮೇಲೆ ಕರಕರ ಎನ್ನುತ್ತಾ ರಸ್ತೆಗೆ ಇಳಿಯಿತು. ಹಿಂದಿನವರು ಹಾರ್ನ್ ಹೊಡೆದರು, ಅವನು ವೇಗ ಹೆಚ್ಚಿಸಲಿಲ್ಲ.

ಅವಳ ಒಂದು ಕೈ ಮಡಿಲಿನ ಪೊಟ್ಟಣದ ಮೇಲಿತ್ತು, ಇನ್ನೊಂದು ಹ್ಯಾಂಡ್‌ಬ್ರೇಕಿನ ಮೇಲೆ. ದೊಡ್ಡ ತಿರುವಿನಲ್ಲಿ ಪೊಟ್ಟಣ ಜಾರಿತು. ಅವಳು ಬ್ರೇಕಿನಿಂದ ಕೈ ತೆಗೆದು ಅದನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಇನ್ನೂ ಬಿಸಿಯಾಗಿತ್ತು.