ಕೆಂಪಾಜಮ್ಮನ ಮೀನು ನನ್ನೊಳಗಿದೆ

ನಾನೊಂದು ಕಪ್ಪುಬಿಳುಪು ಫೋಟೊ, ಅಂಗೈಯಗಲ. ಕಾವೇರಿ ಕಾಡಿನೊಳಗೆ ಬಂಡೆಗಳ ನಡುವೆ ಹರಿಯುವ ಕಡೆ, ಒಂದು ಮಟಮಟ ಮಧ್ಯಾಹ್ನ ಹುಟ್ಟಿದವನು. ಬೆಳಕು ದೇವರದು, ಕ್ಯಾಮೆರಾ ಅಂತೋಣಿಯದು.

ಅಂತೋಣಿ, ಜವರಪ್ಪ ಇಬ್ಬರೂ ಒಂದೇ ಕಾರ್ಖಾನೆಯ ಫಿಟ್ಟರುಗಳು. ರಜೆ ಸಿಕ್ಕರೆ ಹೆಂಡತಿ ಮಕ್ಕಳೊಂದಿಗೆ ಬಂದು, ಹೊಳೆದಂಡೆಯಲ್ಲಿ ಟಾರ್ಪಾಲು ಕಟ್ಟಿ, ಮೂರು ದಿನ ಮೀನು ಹಿಡಿಯುವರು. ಆ ಸಲ ಎರಡು ದಿನವಾದರೂ ಗಂಡಸರ ಗಾಳಕ್ಕೆ ಏನೂ ಬೀಳಲಿಲ್ಲ. ಮೂರನೆಯ ದಿನ ಉಂಡವರೇ ಮರದಡಿ ಗೊರಕೆ ಹೊಡೆದರು. ಜವರಪ್ಪನ ಹೆಂಡತಿ ಕೆಂಪಾಜಮ್ಮ ಪಾತ್ರೆ ತೊಳೆಯಲು ಹೊಳೆಗಿಳಿದಳು. ತಳಕ್ಕಂಟಿದ ಮುದ್ದೆಯಲ್ಲಿ ಮೊದಲ ಚೂರನ್ನು ಗಂಗಮ್ಮನಿಗೆ ಬಿಟ್ಟಳು. ಉಳಿದದ್ದನ್ನು ಉಂಡೆ ಮಾಡಿ ಗಂಡನ ಗಾಳಕ್ಕೆ ಸಿಕ್ಕಿಸಿ ಎಸೆದಳು.

ಎಳೆತಕ್ಕೆ ಬಿದಿರುಗೋಲು ಮುರಿಯಿತು. ಅವಳು ಬಿಡಲಿಲ್ಲ. ಸೆರಗನ್ನು ಕೈಗೆ ಸುತ್ತಿ, ಬಂಡೆಗೆ ಕಾಲು ಕೊಟ್ಟು ದಾರ ಎಳೆದಳು, ಮೀನನ್ನು ತೋಳಲ್ಲಿ ಅಪ್ಪಿ ಮೇಲೆತ್ತಿದಳು. ಕೂಗಿಗೆ ಎದ್ದು ಓಡಿಬಂದ ಜವರಪ್ಪನಿಗೆ ಸಿಕ್ಕಿದ್ದು ಬಾಲ ಮಾತ್ರ. ಮಗುವಿನಷ್ಟು ತೂಕದ ಮೀನು!

"ಅಕ್ಕಾ, ಹಂಗೇ ನಿಂತ್ಕೊ! ಜವರ, ನೀನು ಬಾಲನಾದ್ರೂ ಹಿಡ್ಕೊ!" ಎಂದ ಅಂತೋಣಿ. ಹಾಗೆ ಬಂದೆ ನಾನು.

ಪಟ್ಟಣದ ಸ್ಟುಡಿಯೊದಲ್ಲಿ ತೊಳೆದು ಒಣಗಿದವನು ಜವರಪ್ಪನ ಟ್ರಂಕು ಸೇರಿದೆ. ಮನೆಗೆ ಯಾರೇ ಬರಲಿ, ನನ್ನನ್ನು ತೆಗೆದು ತೋರಿಸುತ್ತಿದ್ದ. "ನಾನು ಹಿಡಿದ ಮೀನು, ನೋಡಿ." ಕೆಂಪಾಜಮ್ಮ ಕಾಫಿ ಕೊಟ್ಟು ಒಳಗೆ ಹೋಗುತ್ತಿದ್ದಳು. ಇಪ್ಪತ್ತೆರಡು ವರ್ಷ ಅದೇ ಸುಳ್ಳು! ನನಗೆ ಬಾಯಿಲ್ಲ. ಆದರೆ ಒಂದು ದಿನವೂ ನಾನು ಆ ಮಾತಿಗೆ ಹೂಂಗುಟ್ಟಲಿಲ್ಲ. ನೋಡುವ ಕಣ್ಣಿದ್ದವರಿಗೆ ಅವಳ ತೋಳನ್ನು ತೋರಿಸುತ್ತಲೇ ಇದ್ದೆ.

ಜವರಪ್ಪ ನಿವೃತ್ತನಾದ ವರ್ಷ ನೌಕರರ ಸಂಘದವರು ಸ್ಮರಣಸಂಚಿಕೆ ತರಲು ಹೊರಟರು. ಕಾರ್ಯದರ್ಶಿ ಮುದ್ದುಮಾದಯ್ಯನವರು ಕತ್ತರಿ ಹಿಡಿದೇ ಮನೆಗೆ ಬಂದರು.

"ಸಂಚಿಕೇಲಿ ನೌಕರರದ್ದು ಮಾತ್ರ ಹಾಕೋದು ಜವರಪ್ಪ. ಈ ಫೋಟೊದಿಂದ ಅಮ್ಮಾವ್ರನ್ನ ತೆಗೆದುಬಿಡೋಣ."

ತಣ್ಣಗಿನ ಅಲಗು ನನ್ನ ಅಂಚಿಗೆ ತಾಗಿತು. ಕತ್ತರಿಸು, ಅಂದುಕೊಂಡೆ. ಬೇಡುವುದಿಲ್ಲ.

ಕೆಂಪಾಜಮ್ಮ ಬಾಗಿಲಿಗೆ ಬಂದಳು. "ತೆಗೀರಿ ಬುದ್ಧಿ. ಆದ್ರೆ ತಲೆ, ಹೊಟ್ಟೆ ಎಲ್ಲಾ ನನ್ ತೋಳ್ನಾಗದೆ. ನನ್ನ ತೆಗೆದ್ರೆ ಮೀನೂ ನನ್ ಜೊತೇಲೆ ಬತ್ತದೆ. ನಿಮ್ ನೌಕರರಿಗೆ ಬಾಲ ಉಳೀತದೆ."

ಮುದ್ದುಮಾದಯ್ಯ ನಕ್ಕರು. ಜವರಪ್ಪ ನಗಲಿಲ್ಲ. ನನ್ನನ್ನು ಬಹಳ ಹೊತ್ತು ನೋಡಿದ, ಮೊದಲ ಸಲ ನೋಡುವವನಂತೆ.

"ಕತ್ತರಿ ಎತ್ತಿಡಿ ಸ್ವಾಮಿ. ಹಿಡಿದೋಳು ಇವಳೇ. ನಾನು ಮಲಗಿದ್ದೆ."

"ಹಂಗಾದ್ರೆ ಸಂಚಿಕೆಗೆ ಆಗಲ್ಲವಲ್ಲ."

"ಬ್ಯಾಡ ಬುಡಿ."

ಅಚ್ಚಾಗಲಿಲ್ಲ ನಾನು. ಅವಳು ನನ್ನನ್ನು ಒಯ್ದು ದೇವರ ಗೂಡಿನ ಪಕ್ಕದ ಗೋಡೆಗೆ ಮೊಳೆ ಹೊಡೆದು ನೇತುಹಾಕಿದಳು. ಸುತ್ತಿಗೆ ಹಿಡಿಯಲು ಗಂಡನನ್ನು ಕರೆಯಲಿಲ್ಲ.

ಈಗ ಇಬ್ಬರೂ ಇಲ್ಲ. ಅದೇ ಗೋಡೆಯಲ್ಲಿ ನಾನಿದ್ದೇನೆ. ಧೂಪದ ಹೊಗೆಗೆ ಹಳದಿಯಾಗಿದ್ದೇನೆ. ಹುಳು ಹೊಳೆಯನ್ನು ತಿಂದಿದೆ, ಮುಖಗಳನ್ನೂ ತಿಂದಿದೆ. ತಿನ್ನಲಿ. ಮೀನಿನ ಭಾರಕ್ಕೆ ಹಿಂದಕ್ಕೆ ಬಾಗಿದ ಅವಳ ಬೆನ್ನು ಇನ್ನೂ ಕಾಣುತ್ತದೆ. ದೇವರು ಕೊಟ್ಟ ಬೆಳಕಿನಲ್ಲಿ ಕಂಡದ್ದನ್ನು ಕಂಡಂತೆ ಹೇಳಲು ನನಗೆ ಅಷ್ಟು ಸಾಕು.